ಮಧ್ಯಾಹ್ನ ಬಂದವರನ್ನು ಕೇಳಬಾರದು

ದೇಶ ಕಾಯುವುದಕ್ಕೆಂದು ಸರ್ಕಾರ ನಮ್ಮ ಕಾಕಾನಿಗೆ ಕೊಟ್ಟದ್ದು ಒಂದು ಸೀಟಿ. ಪ್ಲಾಸ್ಟಿಕ್ಕಿನದು. ಅದನ್ನು ಕೆಂಪು ದಾರಕ್ಕೆ ಕಟ್ಟಿ, ಕೊರಳಲ್ಲಿದ್ದ ಲಿಂಗದ ಕರಡಿಗೆಯ ಪಕ್ಕದಲ್ಲೇ ಇಳಿಬಿಟ್ಟುಕೊಂಡು ಓಣಿ ತುಂಬ ತಿರುಗುತ್ತಿದ್ದ. ಗುಡಿಯ ದಾರಿಯಲ್ಲಿ ಯಾರಾದರೂ ಪರ ಊರಿನವರು ಗೋಡೆಗೆ ಮುಖ ಮಾಡಿ ಕೂತರೆ ಸೀಟಿ. ಅಂಗಡಿಯ ಕಟ್ಟೆಗೆ ಬೀಡಿ ಒರೆಸಿದರೆ ಸೀಟಿ. ನಮ್ಮ ಎಮ್ಮೆ ಕೂಡ ಆ ಸದ್ದಿಗೆ ಹೊಂದಿಕೊಂಡು, ಕಿವಿ ಸಹ ಅಲುಗಿಸುತ್ತಿರಲಿಲ್ಲ.

ಮುಂಬಯಿಯಲ್ಲಿ ಬಾಂಬು ಸಿಡಿದ ವರ್ಷದ ಬೇಸಿಗೆ. ನಮ್ಮ ಗಾಣಗಾಪುರಕ್ಕೆ ಬರುವ ಭಕ್ತರಲ್ಲಿ ಬಹಳ ಮಂದಿ ಆ ಕಡೆಯವರೇ. ಅಲ್ಲಿ ರಾತ್ರಿ ರೈಲು ಹತ್ತಿದವರು ಮರುದಿನ ಇಲ್ಲಿ ಸಂಗಮದಲ್ಲಿ ಮುಳುಗಿ ಏಳುತ್ತಾರೆ. ಠಾಣೆಗೆ ಹೊಸದಾಗಿ ಬಂದಿದ್ದ ಫೌಜದಾರ ಗುಡಿಯ ಹತ್ತಿರದ ಬಯಲಿನಲ್ಲಿ ಊರವರ ಸಭೆ ಕರೆದ. ಮೈಸೂರು ಕಡೆಯ ಮಾತು ಅವನದು.

"ದೇಶ ಕಾಯೋದು ಬರೀ ಸರ್ಕಾರದ ಕೆಲಸ ಅಲ್ಲ ಕಣ್ರೀ. ಇಷ್ಟು ದೊಡ್ಡ ಊರಿಗೆ ನಾವಿರೋದು ಬೆರಳೆಣಿಕೆ ಜನ. ನೀವು ಕಣ್ಣಾಗಿ, ನಾವು ಕೈ ಆಗ್ತೀವಿ. ಹೊಸಬರು ಯಾರೇ ಬರಲಿ, ಹೆಸರು ಕೇಳಿ, ಊರು ಕೇಳಿ, ನಮಗೆ ತಿಳಿಸಿ."

ಅಂದೇ ಊರ ರಕ್ಷಣಾ ಸಮಿತಿ ಆಯಿತು. ತೆಂಗಿನಕಾಯಿ, ಕರ್ಪೂರ ಮಾರುವ ನಮ್ಮ ಕಾಕಾ ಜಗದೇವಪ್ಪ ಅದರ ಅಧ್ಯಕ್ಷ. ಅಪ್ಪ ತೀರಿಕೊಂಡ ಮೇಲೆ ನಾನು, ನನ್ನ ಅವ್ವ ಕಸ್ತೂರಿಬಾಯಿ ಅವನ ಮನೆಯಲ್ಲೇ ಇದ್ದೆವು. ಹಾಗಾಗಿ ಸಮಿತಿಯ ಚಹಾ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಸಭೆಯಲ್ಲಿ ಹೆಂಗಸರ ಕಡೆಯಿಂದ ಎದ್ದು ಮಾತಾಡಿದವಳು ಅವ್ವ ಒಬ್ಬಳೇ. ಸೆರಗು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದಳು.

"ಸಾಹೇಬ್ರ, ಮಧ್ಯಾಹ್ನ ಜೋಳಿಗಿ ಹಿಡಕೊಂಡು ಬರೋರ್ನ ಹೆಂಗ ಕೇಳೂದ್ರಿ? ಅವ್ರಿಗಿ ಹೆಸರು ಕೇಳಿದ್ರ ಪಾಪ ಹತ್ತತದ."

ಇಲ್ಲಿಯ ನಂಬಿಕೆ ಅದು. ದತ್ತ ಮಹಾರಾಜ ದಿನಾಲೂ ಮಧ್ಯಾಹ್ನ ಈ ಊರೊಳಗೆ ಯಾವುದೋ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆ. ಅದಕ್ಕೇ ಬಂದ ಭಕ್ತರೆಲ್ಲ, ಬಡವ ಸಾಹುಕಾರ ಎನ್ನದೆ, ಜೋಳಿಗೆ ಹಿಡಿದು ಐದು ಮನೆ ಬೇಡಿ ಉಣ್ಣುತ್ತಾರೆ. ಅದಕ್ಕೆ ಮಾಧುಕರಿ ಎನ್ನುತ್ತಾರೆ. ಬಾಗಿಲಿಗೆ ಬಂದವರಲ್ಲಿ ಆತ ಯಾರೋ ತಿಳಿಯದು. ಆದ್ದರಿಂದ ಯಾರನ್ನೂ ಕೇಳುವಂತಿಲ್ಲ. ನಾವು ಲಿಂಗವಂತರು, ಆ ಗುಡಿಯ ಪೂಜೆ ನಮ್ಮದಲ್ಲ. ಆದರೂ ಆ ಹೊತ್ತಿನ ರೊಟ್ಟಿ ತಪ್ಪಿಸಿದವರಲ್ಲ. ಪಕ್ಕದ ಮನೆಯ ಗುಡುಸಾಬ ಚಾಚಾ ಬಳೆ ಮಾರುವವನು; ಅವನ ಮನೆಯಿಂದಲೂ ಬೇಡುವವರ ಕೈಗೆ ಬೆಲ್ಲದ ತುಂಡು ಸಿಗುತ್ತಿತ್ತು. ಕೇಳುವಂತಿಲ್ಲ, ಆದರೆ ಹೇಳಬಹುದು. ಮಗಳಿಗೆ ಗಂಡು ಸಿಗಲಿಲ್ಲ, ಸೊಸೆಗೆ ಬಸಿರು ನಿಲ್ಲಲಿಲ್ಲ ಎಂದು ಹೆಂಗಸರು ರೊಟ್ಟಿ ಹಾಕುತ್ತ ಹಾಕುತ್ತ ಅವರ ಮುಂದೆ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಗಂಡನ ಮುಂದೆ ಹೇಳದ್ದನ್ನೂ ಹೇಳುತ್ತಾರೆ.

ಫೌಜದಾರ ನಕ್ಕ. "ಬೇಡಮ್ಮ. ಮಧ್ಯಾಹ್ನ ಬಂದವರನ್ನ ಏನೂ ಕೇಳಬೇಡಿ. ಧರ್ಮಕ್ಕೆ ನಾವು ಅಡ್ಡ ಬರಲ್ಲ."

ಆ ನಗು ನನಗೆ ಹಿಡಿಸಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಎದ್ದು ನಿಂತು ಓದು ಎಂದರೆ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು. ಮಾತಾಡದವರಿಗೆ ನೋಡುವುದಕ್ಕೆ ಬೇಕಾದಷ್ಟು ಹೊತ್ತು ಇರುತ್ತದೆ.

ಅದಾಗಿ ಸ್ವಲ್ಪ ದಿನಕ್ಕೆ ಒಬ್ಬ ಹೊಸ ಜೋಳಿಗೆಯವನು ನಮ್ಮ ಓಣಿಗೆ ಬರತೊಡಗಿದ. ಕುರುಚಲು ಗಡ್ಡ, ಕಾವಿ ಪಂಚೆ, ಬರಿಗಾಲು. "ಆಯೀ, ಭಿಕ್ಷಾಂದೇಹಿ" ಎನ್ನುವನು. ಬೇರೆಯವರು ಬಂದು ಹಾಡುತ್ತಾರೆ, ಅಳುತ್ತಾರೆ, ಮೈಮೇಲೆ ಬಂದು ಹೊರಳುತ್ತಾರೆ. ಇವನು ಸುಮ್ಮನೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಅವ್ವನಿಗೆ ಅದಕ್ಕೇ ಅವನ ಮೇಲೆ ಭಕ್ತಿ.

"ಎಷ್ಟು ಶಾಂತ ಮಾರಿ ನೋಡು, ಶಿವಕಾಂತಾ. ಎಷ್ಟು ಹೇಳಿದ್ರೂ ಬ್ಯಾಸರ ಇಲ್ಲ."

ಒಂದು ಮಧ್ಯಾಹ್ನ ಅವ್ವ ಅವನ ಮುಂದೆ ಹೇಳಿಕೊಂಡದ್ದು ತನ್ನ ಕಷ್ಟವಲ್ಲ, ಗುಡುಸಾಬನ ಮಗ ಶರಫುದ್ದೀನನದು. ಆ ಹುಡುಗ ಮುಂಬಯಿಯ ಒಂದು ಬೇಕರಿಯಲ್ಲಿ ಪಾವು ಸುಡುತ್ತಿದ್ದ. ಜನವರಿಯ ಗಲಾಟೆಯಲ್ಲಿ ಆ ಬೇಕರಿಗೆ ಬೆಂಕಿ ಬಿತ್ತು. ಮಾಲೀಕ ಒಳಗೇ ಸುಟ್ಟುಹೋದ. ಇವನು ಒಂದು ತಗಡಿನ ಪೆಟ್ಟಿಗೆ ಹೊತ್ತುಕೊಂಡು ಊರಿಗೆ ಬಂದವನು ಯಾರ ಕೂಡೆಯೂ ಮಾತಾಡುತ್ತಿರಲಿಲ್ಲ.

"ನಿದ್ದಿ ಮಾಡಂಗಿಲ್ರಿ ಮಹಾರಾಜ," ಎಂದಳು ಅವ್ವ. "ಬೆಳಗ ಹರಿಯೂಕ್ಕಿಂತ ಮೊದಲ ಎದ್ದು ಬಾವಿ ಕಟ್ಟಿ ಮ್ಯಾಲ ಪೆಟ್ಟಿಗಿ ತೊಡಿಮ್ಯಾಲ ಇಟ್ಕೊಂಡು ಕುಂಡರ್ತಾನ. ಹೆತ್ತ ಅಪ್ಪಗೂ ಮುಟ್ಟಗೊಡಂಗಿಲ್ಲ. ಬೆಂಕಿ ಕಂಡಾನ್ರಿ, ಹೆದರ್ಯಾನ. ನನ್ನ ಕೈಯಾಗ ಉಂಡು ಬೆಳದ ಕೂಸು. ಆಶೀರ್ವಾದ ಮಾಡ್ರಿ."

ಅವನು ಕಣ್ಣು ಮುಚ್ಚಿ ತಲೆಯಾಡಿಸಿದ.

ಎರಡನೆಯ ದಿನ ಪೊಲೀಸ್ ಜೀಪು ಬಂತು. ನಮ್ಮ ಎರಡೂ ಮನೆಗೆ ನಡುವೆ ಒಂದೇ ಗೋಡೆ, ಅದರಲ್ಲೊಂದು ಕಿಂಡಿ. ಆ ಕಿಂಡಿಯಿಂದ ಮಜ್ಜಿಗೆ ಹೋಗುತ್ತಿತ್ತು, ಕೆಂಡ ಬರುತ್ತಿತ್ತು, ಗುಡುಸಾಬನ ಮಗಳು ಖುರ್ಷಿದಾ ಮತ್ತು ನಾನು ಕೈ ತೂರಿಸಿ ಬಳೆ ತೊಟ್ಟು ನೋಡಿಕೊಳ್ಳುತ್ತಿದ್ದೆವು. ಅಂದು ಅದರಿಂದ ಕೇಳಿದ್ದು ಬೂಟಿನ ಸದ್ದು, ಆಮೇಲೆ ಫೌಜದಾರನ ದನಿ.

"ಬೆಳಗಾಗೋ ಮುಂಚೆ ಬಾವಿ ಕಟ್ಟೆ ಮೇಲೆ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು ಏನೋ ಮಾಡ್ತೀಯ? ಹೆತ್ತ ಅಪ್ಪನಿಗೂ ಮುಟ್ಟಗೊಡಲ್ಲ ಅಲ್ವಾ? ಏನಿದೆ ಅದರಲ್ಲಿ?"

ಪೆಟ್ಟಿಗೆಯಲ್ಲಿ ಇದ್ದದ್ದು ಸುಟ್ಟು ಕರಿಯಾದ ಪಾವಿನ ಅಚ್ಚುಗಳು, ಮಾಲೀಕನ ಒಂದು ಕನ್ನಡಕ. ಅದನ್ನು ತೆರೆದು ನೋಡಿದ ಮೇಲೂ ಹುಡುಗನನ್ನು ಬಿಡಲಿಲ್ಲ. ಕೇಳಿದ್ದಕ್ಕೆ ಅವನು ಉತ್ತರ ಕೊಡಲಿಲ್ಲವಲ್ಲ. ಕುತ್ತಿಗೆಗೆ ಕೈ ಹಾಕಿ ಜೀಪಿಗೆ ನೂಕಿದರು. ಸೋಮವಾರ ಮುಂಬಯಿ ಪೊಲೀಸರು ಬರುತ್ತಾರೆ, ಅವರ ಕೈಗೆ ಒಪ್ಪಿಸುತ್ತೇವೆ, ಟಾಡಾ ಕಾಯಿದೆ ಬಿದ್ದರೆ ವರ್ಷಗಟ್ಟಲೆ ಮುಖ ಕಾಣುವುದಿಲ್ಲ ಎಂದು ಪೇದೆಯೊಬ್ಬ ಗುಡುಸಾಬನಿಗೆ ಹೇಳಿ ಹೋದ. ಅಂದು ಗುರುವಾರ.

ಜೀಪು ತಿರುಗುವ ಮೊದಲೇ ಖುರ್ಷಿದಾ ನಮ್ಮ ಬಾಗಿಲಿಗೆ ಬಂದಳು. ತಲೆಯ ಮೇಲೆ ಓಢಣಿ ಇರಲಿಲ್ಲ.

"ನಿನ್ನ ಕಾಕಾ ಹಚ್ಚಿಕೊಟ್ಟಾನ. ಸೀಟಿ ಸಿಕ್ಕದಲ್ಲ, ಊದಲಾಕ ಏನರ ಬೇಕಿತ್ತು ಅವಂಗ."

ಕಾಕಾ ಒಳಗಿನಿಂದಲೇ ಕೂಗಿದ. "ಲೇ ಹುಡುಗಿ, ಬಾಯಿ ಸಂಭಾಳಿಸು. ನಾ ಹೇಳಿಲ್ಲ. ಹೇಳಿದ್ರೂ ತಪ್ಪೇನದ? ಏನೂ ಮಾಡ್ಲಾರದವ ಯಾಕ ಬಾಯಿ ಮುಚ್ಕೊಂಡು ಕುಂತಾನ? ದೇಶದ ಪ್ರಶ್ನೆ ಇದು."

"ದೇಶ ನಿಮ್ಮ ಅಂಗಡಿ ಕಟ್ಟಿ ಮ್ಯಾಲ ಐತೇನು?" ಎಂದು ಅವಳು ನನ್ನ ಕಡೆ ತಿರುಗಿದಳು. "ನೀ ಒಬ್ಬಾಕಿ ಇದ್ದಿ, ಕಿಂಡಿಯಾಗ ದಿನಾ ನೋಡಾಕಿ. ಮಾತಾಡಂಗಿಲ್ಲ, ಬರೇ ನೋಡ್ತಿ. ನೋಡಿ ನೋಡಿ ಯಾರಿಗಿ ಹೇಳ್ದಿ, ಬೇ?"

ಇಲ್ಲ ಎನ್ನುವ ಎರಡಕ್ಷರ ನನ್ನ ಬಾಯಿಗೆ ಬರುವ ಹೊತ್ತಿಗೆ ಅವಳು ಹೋಗಿಯಾಗಿತ್ತು. ಸಂಜೆ ಕಿಂಡಿಯ ಆ ಬದಿಯಲ್ಲಿ ಇಟ್ಟಂಗಿ ಉಜ್ಜುವ ಸದ್ದು, ಹಸಿಮಣ್ಣು ಬಡಿಯುವ ಸದ್ದು. ಮುಚ್ಚಿಬಿಟ್ಟಳು.

ನನ್ನನ್ನು ಕೊರೆದದ್ದು ಫೌಜದಾರನ ಮಾತು. ಬಾವಿ ಕಟ್ಟೆಯನ್ನು ಯಾರಾದರೂ ನೋಡಿರಬಹುದು. ಆದರೆ "ತೊಡೆ ಮೇಲೆ", "ಹೆತ್ತ ಅಪ್ಪನಿಗೂ" ಎಂಬುದು ಅವ್ವನ ಮಾತು. ಅವ್ವ ಅದನ್ನು ಅದೇ ಸಾಲಿನಲ್ಲಿ ಹೇಳಿದ್ದು ಒಬ್ಬನ ಮುಂದೆ.

ಅವ್ವನಿಗೆ ಹೇಳಿದೆ. ಅವಳು ನನ್ನ ಕೆನ್ನೆಗೆ ಹೊಡೆದಳು. "ಯಾರ ಮ್ಯಾಲ ಸಂಶಯ ತಗೋತಿ ಗೊತ್ತದೇನು? ನಾಲಗಿಗೆ ಹುಳ ಬೀಳ್ತಾವ."

ಶುಕ್ರವಾರ ಅವನು ಬಂದಾಗ ನಾನೇ ರೊಟ್ಟಿ ಹಾಕಿದೆ. ಎಲ್ಲರೂ ಅವರ ಮುಖ ನೋಡುತ್ತಾರೆ. ನಾನು ತಲೆ ತಗ್ಗಿಸಿದವಳು, ಕಾಲು ನೋಡಿದೆ. ಬರಿಗಾಲಲ್ಲಿ ಸಂಗಮದ ದಾರಿ ತುಳಿಯುವವರ ಹಿಮ್ಮಡಿ ಕರಿಯಾಗಿ ಸೀಳಿರುತ್ತದೆ. ಇವನ ಪಾದ ಬಿಳಿಚಿಕೊಂಡಿತ್ತು, ಕಣಕಾಲಿನ ಮೇಲೆ ಗೆರೆ ಕೊರೆದಂತೆ ಅಲ್ಲಿಂದ ಕಪ್ಪು ಶುರುವಾಗುತ್ತಿತ್ತು. ಬೆರಳುಗಳ ಮೇಲೆ ಬೂಟು ಕಚ್ಚಿದ ಗಂಟುಗಳು. ಅವನು ಹೋದ ಮೇಲೆ ಕೊಡ ಎತ್ತಿಕೊಂಡು ಹಿಂದೆ ಹೋದೆ. ಧರ್ಮಶಾಲೆಯ ಹಿಂದಿನ ತಿಪ್ಪೆಯಲ್ಲಿ ಆಡುಗಳು ರೊಟ್ಟಿ ತಿನ್ನುತ್ತಿದ್ದವು. ಒಂದರ ಅಂಚು ಮೂರು ಕಡೆ ಸೀಳಿತ್ತು. ನನ್ನ ರೊಟ್ಟಿಯ ಅಂಚು ಸೀಳದೆ ಇರುವುದಿಲ್ಲ; ಗಂಡನ ಮನೆಯಲ್ಲಿ ಬೈಸಿಕೊಳ್ಳುತ್ತೀ ಎಂದು ಅವ್ವ ದಿನಾ ಅನ್ನುತ್ತಾಳೆ.

ಮಾಧುಕರಿಯ ಅನ್ನವನ್ನು ಯಾವ ಭಕ್ತನೂ ಬಿಸಾಡುವುದಿಲ್ಲ. ಬಿಸಾಡಿದವನು ಬಂದದ್ದು ಅನ್ನಕ್ಕಲ್ಲ.

ಇಷ್ಟು ಗೊತ್ತಾಗಿ ಪ್ರಯೋಜನವಿರಲಿಲ್ಲ. ಆಡು ತಿಂದ ರೊಟ್ಟಿಯನ್ನು ಯಾರಿಗೆ ತೋರಿಸಲಿ? ಕಾಕಾನಿಗೆ ಹೇಳಿದರೆ ಸಾಹೇಬರ ಕಡೆಯವನೇ ಇರಲಿ ಬಿಡು ಎನ್ನುತ್ತಿದ್ದ. ಊರವರಿಗೆ ಹೇಳಿದರೆ ಅವ್ವನ ಹಾಗೆ ಹೊಡೆಯುತ್ತಿದ್ದರು. ಅವರಿಗೆ ಕಣ್ಣಿಗೆ ಕಾಣುವಂಥದು ಬೇಕಿತ್ತು. ನಡುವೆ ಉಳಿದದ್ದು ಶನಿವಾರ, ರವಿವಾರ.

ಶನಿವಾರ ಮಧ್ಯಾಹ್ನ ಅವ್ವ ಒಳಗೆ ಬ್ಯಾಳಿ ಕುದಿಸುತ್ತಿದ್ದಳು. ಅವನು ಹೊಸ್ತಿಲ ಹೊರಗೆ ಬಂದು ನಿಂತ. ಬೆಳಿಗ್ಗೆಯಿಂದ ಎಮ್ಮೆಯ ಮುಂದೆ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದ ಮಾತನ್ನು, ರೊಟ್ಟಿ ಹಾಕುತ್ತ, ನೆಲ ನೋಡುತ್ತ ಹೇಳಿದೆ.

"ಮಹಾರಾಜ, ನನಗ ಅಂಜಿಕಿ ಆಗ್ಯದ್ರಿ. ಆ ಹುಡುಗನ ಪೆಟ್ಟಿಗಿ ಅಂಥಾದೇ ಇನ್ನೊಂದು ನಮ್ಮ ಕಾಕಾನ ಅಂಗಡ್ಯಾಗದ. ಒಳಕೋಣ್ಯಾಗ ಕಾಯಿ ಚೀಲದ ಬುಡಕ್ಕ. ಮುಟ್ಟಿದ್ರ ಬೈತಾನ. ಯಾರ ಮುಂದೂ ಹೇಳಿಲ್ರಿ, ನಿಮ್ಮ ಮುಂದಷ್ಟೇ."

ಅವನು ಕಣ್ಣು ಮುಚ್ಚಿ ತಲೆಯಾಡಿಸಿದ. ಆ ದಿನ ಉಳಿದ ಮನೆಗಳಿಗೆ ಹೋಗಲೇ ಇಲ್ಲ.

ನಾನು ಒಳಗೆ ಬಂದು ಕಂಬ ಹಿಡಿದುಕೊಂಡು ನಿಂತೆ. ಒಂದುವೇಳೆ ಅವನು ನಿಜವಾಗಿಯೂ ದತ್ತನೇ ಆಗಿದ್ದರೆ ನನ್ನ ಗತಿ ಏನು ಎಂಬ ಭಯ. ಆಗಿರದಿದ್ದರೆ ಕಾಕಾನ ಗತಿ ಏನು ಎಂಬ ಭಯ.

ರವಿವಾರ ಬೆಳಿಗ್ಗೆ, ಗುಡಿಯ ದಾರಿ ಭಕ್ತರಿಂದ ತುಂಬಿದ್ದಾಗ, ಜೀಪು ನೇರವಾಗಿ ನಮ್ಮ ಓಣಿಯ ಬಾಯಲ್ಲಿದ್ದ ಕಾಕಾನ ಅಂಗಡಿಯ ಮುಂದೆ ನಿಂತಿತು. ಪೊಲೀಸರು ಯಾರನ್ನೂ ಏನೂ ಕೇಳಲಿಲ್ಲ. ಒಳಕೋಣೆಗೇ ಹೋದರು. ಚೀಲಗಳನ್ನು ಒಂದೊಂದಾಗಿ ಹೊರಗೆಳೆದು ಸುರಿದರು. ತೆಂಗಿನಕಾಯಿಗಳು ಕಟ್ಟೆ ಇಳಿದು ಓಣಿಯ ಇಳಿಜಾರಿನಲ್ಲಿ ಓಡತೊಡಗಿದವು. ಸೋಲಾಪುರದ ಕಡೆಯ ಒಂದಿಬ್ಬರು ಪ್ರಸಾದವೆಂದುಕೊಂಡು ಎತ್ತಿ ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕಿಕೊಂಡರು.

"ಸಾಹೇಬ್ರ! ನಾ ಸಮಿತಿ ಅಧ್ಯಕ್ಷ ಇದ್ದೇನ್ರಿ! ನನ್ನ ಅಂಗಡಿ ರೀ ಇದು!"

ಕಾಕಾ ಏನು ಮಾಡಬೇಕೋ ತಿಳಿಯದೆ ಸೀಟಿ ಊದಿದ. ಪೇದೆಯೊಬ್ಬ ಅವನ ಎದೆಗೆ ಲಾಠಿ ಒತ್ತಿ ಗೋಡೆಗೆ ನಿಲ್ಲಿಸಿದ.

"ಸುಮ್ನಿರಯ್ಯ. ಖಚಿತ ಮಾಹಿತಿ ಇದೆ," ಎಂದ ಫೌಜದಾರ. "ಪೆಟ್ಟಿಗೆ ಎಲ್ಲಿ?"

ಸುತ್ತ ಜನ ಸೇರಿತ್ತು. ನಿನ್ನೆಯವರೆಗೆ ಸೀಟಿಗೆ ಹೆದರಿದವರಿಗೆ ಒಳಗೊಳಗೇ ಖುಷಿ. "ಅಧ್ಯಕ್ಷರ ಬುಡಕ್ಕೇ ಬಂತಲ್ಲಲೇ," ಎಂದ ಯಾರೋ. ಗುಡುಸಾಬ ಚಾಚಾ, ಖುರ್ಷಿದಾ ತಮ್ಮ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. ಅವಳ ಮುಖದಲ್ಲಿ ನಗು ಇರಲಿಲ್ಲ, ಮರುಕವೂ ಇರಲಿಲ್ಲ.

ಈಗ ಮಾತಾಡದಿದ್ದರೆ ಮುಂದೆಂದೂ ಇಲ್ಲ. ಅವ್ವನ ಸೆರಗು ಬಿಟ್ಟು ಮುಂದೆ ಹೋದೆ.

"ಪೆಟ್ಟಿಗಿ ಇಲ್ರಿ. ಅದ ಅಂತ ಹೇಳಿದಾಕಿ ನಾನೇ."

ಫೌಜದಾರ ತಿರುಗಿದ. "ಯಾರು ನೀನು?"

"ಶಿವಕಾಂತಾ ರೀ. ಇವರ ಅಣ್ಣನ ಮಗಳು."

"ಸುಳ್ಳು ಮಾಹಿತಿ ಕೊಟ್ಟರೆ ಜೈಲು, ಗೊತ್ತೇನಮ್ಮ?"

"ನಾ ನಿಮಗ ಕೊಟ್ಟಿಲ್ರಿ." ನನ್ನ ದನಿ ಒಡೆದು ಕಿರುಚಿದಂತೆ ಬಂತು, ಓಣಿಯ ಆ ಬದಿಗೂ ಕೇಳಿರಬೇಕು. "ಠಾಣೆಕ್ಕ ಬಂದಿಲ್ಲ, ಸಮಿತಿಗೆ ಹೇಳಿಲ್ಲ. ನಿನ್ನಿ ಮಧ್ಯಾಹ್ನ ಭಿಕ್ಷಾಕ ಬಂದ ಒಬ್ಬ ಮಹಾರಾಜನ ಮುಂದ ಹೇಳೇನಿ. ಅವನ್ನ ಬಿಟ್ರ ಗ್ವಾಡಿಗೂ ಹೇಳಿಲ್ಲ. ನಿಮಗ್ಯಾರು ಹೇಳಿದ್ರು, ಸಾಹೇಬ್ರ?"

ಫೌಜದಾರನ ಕಣ್ಣು ತಾನಾಗಿಯೇ ಜೀಪಿನ ಕಡೆ ಹೋಯಿತು. ಎಲ್ಲರೂ ಅಲ್ಲಿಗೇ ನೋಡಿದರು. ಜೀಪಿನ ಹಿಂದೆ, ಕಾವಿ ಪಂಚೆ ಉಟ್ಟುಕೊಂಡೇ, ಪೆಟ್ಟಿಗೆಯ ಗುರುತು ಹಿಡಿಯಲು ಬಂದವನಂತೆ ಆ ಜೋಳಿಗೆಯವನು ನಿಂತಿದ್ದ. ಇಂದು ಕಾಲಲ್ಲಿ ಚಪ್ಪಲಿ ಇತ್ತು.

ಮೊದಲು ಕೂಗಿದವಳು ಅವ್ವ. ಅದು ಬೈಗುಳವಲ್ಲ, ಮಾತೂ ಅಲ್ಲ. ಆಮೇಲೆ ಓಣಿಯ ಹೆಂಗಸರೆಲ್ಲ ಒಟ್ಟಿಗೇ. ಪ್ರತಿಯೊಬ್ಬಳೂ ತಾನು ಅವನ ಮುಂದೆ ಏನೇನು ಹೇಳಿಕೊಂಡಿದ್ದೆನೆಂದು ನೆನೆಸಿಕೊಳ್ಳುತ್ತಿದ್ದಳೆಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. "ಜೋಳಿಗಿ ಹಾಕ್ಕೊಂಡು ಬಂದ್ಯಲ್ಲೋ ಹಲ್ಕಟ್!" ಗಂಡಸರು ನುಗ್ಗಿದರು. ಯಾರೋ ಒಬ್ಬ ತೆಂಗಿನಕಾಯಿ ಎತ್ತಿಕೊಂಡಿದ್ದ.

ಅವರನ್ನು ತಡೆದವನು ಗುಡುಸಾಬ ಚಾಚಾ. ಮುದುಕ ಎರಡೂ ಕೈ ಅಗಲಿಸಿ ಜೀಪಿಗೆ ಬೆನ್ನು ಕೊಟ್ಟು ನಿಂತ.

"ಹೊಡೀಬ್ಯಾಡ್ರಿ. ಇವತ್ತ ಇವಂಗ ಹೊಡದ್ರ ಆ ಏಟು ಒಳಗ ಕುಂತ ನನ್ನ ಮಗನ ಮೈಮ್ಯಾಲ ಬೀಳ್ತದ. ಗೊತ್ತದ ನನಗ." ಆಮೇಲೆ ತಿರುಗಿ, "ಸಾಹೇಬ್ರ, ನನ್ನ ಮಗನ್ನ ಕೊಡ್ರಿ."

ಫೌಜದಾರ ದನಿ ಇಳಿಸಲಿಲ್ಲ. "ನೋಡಿ, ಕಾಲ ಕೆಟ್ಟಿದೆ. ದೇಶದ ಸುರಕ್ಷತೆ ಅಂದ ಮೇಲೆ ಕೆಲವು ಸಲ ಹೀಗೆಲ್ಲ ಮಾಡಬೇಕಾಗುತ್ತೆ. ನಿಮ್ಮ ಒಳ್ಳೇದಕ್ಕೇ."

ಅವ್ವ ಅವನ ಎದುರಿಗೆ ಬಂದು ನಿಂತಳು. ಈ ಸಲ ಸೆರಗು ಹಲ್ಲಲ್ಲಿ ಇರಲಿಲ್ಲ.

"ನೀವು ಕಣ್ಣಾಗ್ರಿ, ನಾವು ಕೈ ಆಗ್ತೀವಿ ಅಂದ್ರಿ. ಆ ಹುಡುಗ ಯಾಕ ನಿದ್ದಿ ಮಾಡಂಗಿಲ್ಲ ಅಂತ ನಮ್ಮನ್ನ ಕೇಳಿದ್ರ, ನಾನೇ ಠಾಣೆಕ್ಕ ಬಂದು ಬೆಳತನಕ ಕುಂತು ಹೇಳ್ತಿದ್ನಿ. ಬೆಂಕಿ ಕಂಡಾನ, ಹೆದರ್ಯಾನ ಅಂತನೂ ಹೇಳೇನಲ್ಲ ಇವನ ಮುಂದ? ಆ ಮಾತು ನಿಮಗ ಮುಟ್ಟಲಿಲ್ಲೇನು? ಪೆಟ್ಟಿಗಿ ಅಷ್ಟೇ ಮುಟ್ಟಿತೇನು? ನನ್ನ ಬಾಯಿಂದನೇ ಆ ಕೂಸಿನ ಕೊರಳಿಗಿ ಹಗ್ಗ ಹಾಕಿಸಿದ್ರಿ. ಇನ್ನ ಖರೇ ಕಳ್ಳ ಬಂದ್ರೂ ಈ ಓಣಿ ನಿಮಗ ಬಾಯಿ ಬಿಡಂಗಿಲ್ಲ."

ಗುಡಿಯ ಕಡೆಯಿಂದ ಜನ ಇನ್ನೂ ಬರುತ್ತಿತ್ತು. ಫೌಜದಾರ ಅದನ್ನು ನೋಡಿದ, ಪೇದೆಯ ಕಿವಿಯಲ್ಲಿ ಏನೋ ಹೇಳಿದ. ಮಧ್ಯಾಹ್ನದ ಹೊತ್ತಿಗೆ, ಮುಂಬಯಿಯವರು ಬರುವ ಮೊದಲೇ, ಶರಫುದ್ದೀನನನ್ನು ಓಣಿಯ ಬಾಯಿಗೆ ತಂದು ಇಳಿಸಿ ಹೋದರು. ಪೆಟ್ಟಿಗೆ ಕೊಟ್ಟರು. ಕನ್ನಡಕದ ಒಂದು ಗಾಜು ಇರಲಿಲ್ಲ. ಅವನ ಎಡಗಿವಿಯಿಂದ ನೀರು ಸೋರುತ್ತಿತ್ತು. ಆ ಕಡೆಯಿಂದ ಕರೆದರೆ ಅವನು ಇಂದಿಗೂ ತಿರುಗುವುದಿಲ್ಲ.

ಎಲ್ಲ ಸರಿಹೋಯಿತೆಂದು ಯಾರಾದರೂ ಅಂದುಕೊಂಡರೆ ತಪ್ಪು. ಕಾಕಾ ನನ್ನ ಕೂಡೆ ಮಾತು ಬಿಟ್ಟ. "ಹೊರಗಿನವರ ಸಲುವಾಗಿ ಮನ್ಯಾನ ಗಂಡಸಿನ ಮರ್ಯಾದಿ ಓಣ್ಯಾಗ ಉರುಳಿಸಿದಾಕಿ," ಎಂದು ಬಂದವರ ಮುಂದೆಲ್ಲ ಹೇಳಿದ. ನನ್ನನ್ನು ನೋಡಲು ಬರಬೇಕಿದ್ದ ಜೇವರ್ಗಿಯ ಗಂಡಿನವರಿಗೂ ಆ ಮಾತು ಮುಟ್ಟಿತು, ಅವರು ಬರಲಿಲ್ಲ. ಕಾಕಾ ಸೀಟಿಯನ್ನು ಎಮ್ಮೆಯ ಗೂಟಕ್ಕೆ ತೂಗುಹಾಕಿದ. ಸಮಿತಿಯ ಸಭೆಗೆ ಆಮೇಲೆ ಯಾರೂ ಹೋಗಲಿಲ್ಲ. ಫೌಜದಾರ ಕರೆಯಲೂ ಇಲ್ಲ.

ಖುರ್ಷಿದಾ ಒಮ್ಮೆ ಬಾವಿಯ ಹತ್ತಿರ ಎದುರಾದಳು. ನಾನೇ ಮಾತಾಡಿದೆ.

"ಕಿಂಡಿ ತಗೀತೀ ಏನು?"

ಅವಳು ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ. "ನೀ ಮಾಡಿದ್ದು ನನಗ ಗೊತ್ತದ. ಮರೆಯಂಗಿಲ್ಲ. ಆದ್ರ ನಿಮ್ಮವ್ವ ಆಶೀರ್ವಾದ ಕೇಳ್ಲಾಕ ಹೋಗಿ ಹಂಗಾತು. ಪ್ರೀತಿ ಮಾಡಿದ್ರೂ ನಿಮ್ಮ ಮಾತು ನಮ್ಮ ಮ್ಯಾಲ ಬೀಳ್ತದ. ಗ್ವಾಡಿ ಇರಲಿ ಬಿಡು."

ಅವ್ವ ಎಂಟು ದಿನ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕೂತಳು. ಹೊರಗೆ "ಭಿಕ್ಷಾಂದೇಹಿ" ಎಂದವರು ಸ್ವಲ್ಪ ಹೊತ್ತು ನಿಂತು ಮುಂದೆ ಹೋಗುತ್ತಿದ್ದರು. ಪ್ರತಿ ಸಲ ಆ ಹೆಜ್ಜೆ ದೂರವಾಗುವಾಗ ಅವಳ ಬಾಯಿ ಪಿಟಿಪಿಟಿ ಅನ್ನುತ್ತಿತ್ತು. ಒಂಬತ್ತನೆಯ ದಿನ ನಾನು ಬುಟ್ಟಿಯಿಂದ ರೊಟ್ಟಿ ತೆಗೆದುಕೊಂಡು ಹೋಗಿ ಅಗಳಿ ಸರಿಸಿದೆ.

ಹೊಸ್ತಿಲ ಹೊರಗೆ ಒಬ್ಬ ಹೆಂಗಸು, ತಲೆಯ ಮೇಲೆ ಒದ್ದೆ ಸೆರಗು, ಕೈಯಲ್ಲಿ ಜೋಳಿಗೆ. ಅವಳ ಹೆಸರು ಕೇಳಲಿಲ್ಲ. ಊರು ಕೇಳಲಿಲ್ಲ. ನನ್ನ ಕಷ್ಟ ಏನೂ ಹೇಳಿಕೊಳ್ಳಲಿಲ್ಲ.

ರೊಟ್ಟಿ ಹಾಕುವ ಮೊದಲು ಅವಳ ಕಾಲು ನೋಡಿದೆ.